ಮೊದಲ ಗುಟುಕಿಗೆ ಮನೂಕ ಶೆಡ್ಡಿನ ವಾಸನಿ

ಹಾಲಿಲ್ಲ, ಸಕ್ರಿ ಇಲ್ಲ, ಬರೇ ಕೆಂಪನ ನೀರು. ಗಾಜಿನ ಗ್ಲಾಸಿನ್ಯಾಗ ಹಾಕ್ಕೊಂಡು ಮೂಗಿನ ಹತ್ರ ತಂದೆ ನೋಡ್ರಿ, ಒಂದು ಗಳಿಗಿ ನಾನು ವಿಜಯಪುರದ ಬಾಡಿಗಿ ಮನಿ ಅಡಿಗಿಮನಿಯಾಗ ಇರ್ಲೇ ಇಲ್ಲ. ಮಾರ್ಚ್ ತಿಂಗಳ ಮಟಮಟ ಮಧ್ಯಾಹ್ನ, ತಿಕೋಟಾ ಕಡಿ ನಮ್ಮ ತೋಟ, ಸುತ್ತ ಹಸರ ನೆಟ್ ಕಟ್ಟಿದ ಮನೂಕ ಶೆಡ್ಡು, ಅಂದ್ರ ಒಣದ್ರಾಕ್ಷಿ ಮಾಡೋ ಶೆಡ್ಡು, ಒಳಗ ಒಂದರ ಮ್ಯಾಲೊಂದು ಬಲಿ ಕಟ್ಟಿ ಹರವಿದ ದ್ರಾಕ್ಷಿ, ಅರ್ಧ ಒಣಗಿ ಇನ್ನೂ ಅರ್ಧ ರಸ ಹಿಡಕೊಂಡು ಮೆತ್ತಗ ಆಗಿರ್ತಾವಲ್ಲ, ಆವಾಗ ಶೆಡ್ಡಿನ ಬಾಗಲ ಪರದಾ ಸರಿಸಿದ ಕೂಡಲೇ ಮುಖಕ್ಕ ಬಡಿತೈತಲ್ಲ ಒಂದು ಬಿಸಿ ಸಿಹಿ ಗಾಳಿ, ಅದು. ಜೇನಿನ ವಾಸನಿ ಅನ್ನಾಕ ಬರಂಗಿಲ್ಲ, ಹೂವಿನ ವಾಸನಿ ಅನ್ನಾಕೂ ಬರಂಗಿಲ್ಲ, ಕಟ್ಟಗಿ ಕಾಯ್ದ ವಾಸನಿನೂ ಒಂಚೂರು ಐತಿ ಅದರಾಗ. ಅದ ವಾಸನಿ ಈ ಗ್ಲಾಸಿನಾಗ ಹೆಂಗ ಬಂತು ಅಂತ ನನಗ ಆವತ್ತು ತಿಳೀಲೇ ಇಲ್ಲ. ಸಂಕ್ರಮಣ ಆಗಿ ಎರಡು ದಿನ ಆಗಿತ್ತು, ಊರಾಗ ಸಿದ್ಧೇಶ್ವರ ಜಾತ್ರಿ ಗದ್ದಲ, ಹೊರಗ ಕೊರಿಯೋ ಥಂಡಿ. ನಾನು ಒಂದ ಗ್ಲಾಸು ಚಾ ಹಿಡಕೊಂಡು ಬ್ಯಾಸಗಿಯೊಳಗ ನಿಂತಿದ್ದೆ.

ಆ ಚಾ ಡಾರ್ಜಿಲಿಂಗಿಂದು. ನನ್ನ ತಮ್ಮ ಮಿಲಿಟರಿಯಾಗ ಅದಾನ, ಸಿಲಿಗುರಿ ಕಡಿ ಪೋಸ್ಟಿಂಗ್. ದೀಪಾವಳಿಗೆ ರಜಾ ಬಂದಾಗ ಎರಡು ಪಾಕೀಟು ತಂದಿದ್ದ, "ಅಕ್ಕಾ, ಇದನ್ನ ನಮ್ಮ ಚಾದಂಗ ಮಾಡಬ್ಯಾಡ, ಬರೇ ಬಿಸಿನೀರಾಗ ಬಿಡಬೇಕು" ಅಂತ ನಾಕು ಸಲ ಹೇಳಿದ್ದ. ಒಂದು ಮಾರ್ಚ್ ಏಪ್ರಿಲ್‌ದಾಗ ಕಿತ್ತಿದ್ದು, ಫಸ್ಟ್ ಫ್ಲಶ್ ಅಂತಾರ. ಇನ್ನೊಂದು ಮೇ ಜೂನ್‌ದಾಗ ಕಿತ್ತಿದ್ದು, ಸೆಕೆಂಡ್ ಫ್ಲಶ್. ಒಂದ ಗುಡ್ಡ, ಒಂದ ಗಿಡ, ಎರಡು ತಿಂಗಳ ಅಂತರ ಅಷ್ಟ, ಆದ್ರ ರುಚಿಯೊಳಗ ಮಗ್ಗಿ ಹೂವಿಗೂ ಹಣ್ಣಿಗೂ ಇದ್ದಷ್ಟು ಫರಕ. ಇದನ್ನ ನಾನು ಕುಡಿದು ಕಲ್ತಿದ್ದು, ಓದಿ ಅಲ್ಲ. ಓದಿದ್ದು ಆಮ್ಯಾಲ.

ನಮ್ಮ ಕಡಿ ಚಾ ಅಂದ್ರ ಏನು ಅಂತ ನಿಮಗ ಗೊತ್ತದ. ಬೆಂಗಳೂರು ಕಡಿ ಟೀ ಅಂತಾರ, ನಾವು ಚಾ ಅಂತೀವಿ, ಮಂದಿ ಬಂದ್ರ ಒಂಚೂರು ಮರ್ಯಾದಿಲೆ ಚಹಾ ಅಂತೀವಿ. ಎರಡೂ ಚೀನಾದಿಂದ ಬಂದ ಶಬ್ದನ, ಕ್ಯಾಂಟನ್ ಕಡಿಯವರು ಚಾ ಅಂತಿದ್ರು, ಫುಜಿಯಾನ್ ದಂಡಿಯವರು ತೆ ಅಂತಿದ್ರು, ಡಚ್ಚರ ಹಡಗಿನಾಗ ಹೋದದ್ದು ಟೀ ಆತು, ಪೋರ್ತುಗೀಜರು ಒಯ್ದದ್ದು ಚಾ ಆಗೇ ಉಳೀತು. ನಾವು ಬೋಗಾಣಿಯಾಗ ಕುದಿಸೋ ಕರಿ ಕಾಳಿನಂಥ ಚಾಪುಡಿಗೆ ಸಿಟಿಸಿ ಅಂತಾರ, ಎಲಿನ ಹಲ್ಲಿನ ರೋಲರ್ ನಡುವ ಹಾಕಿ ಅರೆದು ಹರಿದು ಸುರುಳಿ ಮಾಡೋ ಮಷಿನ್, 1930ರ ಹೊತ್ತಿಗೆ ಅಸ್ಸಾಮಿನ ತೋಟದಾಗ ಹುಟ್ಟಿದ್ದು. ಹರಿದ ಎಲಿ ಜಲ್ದಿ ಬಣ್ಣ ಬಿಡ್ತೈತಿ, ಒಗರ ಬಿಡ್ತೈತಿ, ಹಾಲು ಸಕ್ರಿ ಹಸಿಶುಂಠಿ ಎಲ್ಲಾನೂ ತಡಕೊಂಡು ನಿಲ್ತೈತಿ. ಅದನ್ನ ನಾನು ಕಡಿಮಿ ಅನ್ನಂಗಿಲ್ಲ. ಮುಂಜಾನಿ ಆರಕ್ಕ ಸ್ಟೇಷನ್ ರೋಡಿನ ಗಾಡಾದ ಮುಂದ ನಿಂತು, ದೂರ ಗೋಳಗುಮ್ಮಟ ಮಂಜಿನಾಗ ಅರ್ಧ ಕಾಣ್ತಿರುವಾಗ, ಕೈ ಸುಡೋ ಸಣ್ಣ ಗ್ಲಾಸಿನ್ಯಾಗ ಕಡಕ್ ಚಾ ಕುಡದವರಿಗೆ ಗೊತ್ತದ ಅದು ಏನಂತ. ಆದ್ರ ಅದರ ರುಚಿ ಮಂದಿದು, ರಸ್ತಾದ್ದು, ಮಾತಿಂದು. ಆ ಚಾ ನನ್ನನ್ನ ಎಂದೂ ಹೊಲಕ್ಕ ಕರಕೊಂಡು ಹೋಗಿಲ್ಲ.

ಈ ಚಾ ಹೊಲಕ್ಕ ಕರಕೊಂಡು ಹೋತು. ಆದ್ರ ಮೊದಲನೇ ದಿನ ಅಲ್ಲ.

ಮೊದಲನೇ ದಿನ ಅವ್ವ ಫಸ್ಟ್ ಫ್ಲಶ್ ಪಾಕೀಟು ಒಡೆದು ನೋಡಿ "ಇದೇನವಾ, ಒಣಗಿದ ಮೆಂತೆಪಲ್ಲೆ ಇದ್ದಂಗ ಐತಿ" ಅಂದ್ಲು, ಎರಡು ಚಮಚೆ ಹಾಕಿ ಹಾಲು ಸಕ್ರಿ ಹಸಿಶುಂಠಿ ಸೇರಿಸಿ ಹತ್ತು ನಿಮಿಷ ಕುದಿಸಿದ್ಲು. ಬಣ್ಣ ಬರ್ಲಿಲ್ಲ. ಮತ್ತೆರಡು ಚಮಚೆ ಹಾಕಿದ್ಲು. ಕಹಿ ಬಂತು, ಬಣ್ಣ ಬರ್ಲಿಲ್ಲ. ಅಪ್ಪ ಒಂದು ಗುಟುಕು ಕುಡಿದು ಬಶಿ ಕೆಳಗಿಟ್ಟ. ತಮ್ಮನ ಮುಖ ನೋಡಾಕ ಆಗ್ಲಿಲ್ಲ ನನಗ, ಅಷ್ಟು ದೂರದಿಂದ ಬ್ಯಾಗಿನಾಗ ಅರವಿ ಸುತ್ತಿ ತಂದಿದ್ದ. ಅವ್ವಂದು ತಪ್ಪಲ್ಲ, ಆ ಎಲಿ ಕುದಿಯಾಕ ಹುಟ್ಟಿದ್ದಲ್ಲ, ಹಾಲು ಬಿದ್ರ ಅದರ ಸಣ್ಣ ವಾಸನಿ ಎಲ್ಲಾ ಹಾಲಿನಾಗ ಮುಣಗಿ ಹೋಗ್ತೈತಿ.

ಮರುದಿನ ಅವ ಹೇಳಿದಂಗ ಮಾಡಿದೆ. ಒಂದು ಗ್ಲಾಸಿಗೆ ಒಂದು ಚಮಚೆ ಎಲಿ, ಕುದಿ ಬಂದ ನೀರು ಒಂದೆರಡು ನಿಮಿಷ ಆರಿಸಿ ಹಾಕಿ ಮೂರು ನಿಮಿಷ ಮುಚ್ಚಿಟ್ಟು ಸೋಸಿದ್ದು. ಆಗ್ಲೂ ಏನೂ ಇಲ್ಲ. ರಾಡಿ ಬಣ್ಣ, ಸಪ್ಪನ ರುಚಿ, ಮ್ಯಾಲ ಎಣ್ಣಿಯಂಥ ತೆಳ್ಳನ ಪೊರೆ. ಗ್ಲಾಸು ಬಗ್ಗಿಸಿದ್ರ ಆ ಪೊರೆ ಒಡೆದು ದಂಡಿಗೆ ಅಂಟಿತು. ನಾನು ಎಲಿ ಹಳೇದು ಅನ್ಕೊಂಡೆ, ತಮ್ಮಗ ಯಾರೋ ಮೋಸ ಮಾಡ್ಯಾರ ಅನ್ಕೊಂಡೆ, ಬಾಯಿ ಬಿಟ್ಟು ಅನ್ಲಿಲ್ಲ ಅಷ್ಟ.

ತಪ್ಪು ನೀರಿಂದು. ಇದನ್ನ ಒಂಚೂರು ವಿಸ್ತಾರ ಹೇಳ್ತೀನಿ, ಯಾಕಂದ್ರ ನಮ್ಮ ಜಿಲ್ಲಾದಾಗ ಇರೋರಿಗೆ ಇದು ಚಾದ ಮಾತಷ್ಟ ಅಲ್ಲ. ನಮ್ಮ ಬೋರಿನ ನೀರು ಗಡಸು. ಕರಿಮಣ್ಣು, ಅದರ ಕೆಳಗ ಸುಣ್ಣದ ಹರಳು, ಅದರ ಕೆಳಗ ಕಪ್ಪು ಬಂಡೆ, ಅಷ್ಟೆಲ್ಲಾ ದಾಟಿ ನೂರಾರು ಅಡಿ ಕೆಳಗಿಂದ ಎತ್ತಿದ ನೀರಿನಾಗ ಕ್ಯಾಲ್ಸಿಯಂ ಇರ್ತೈತಿ, ಬೈಕಾರ್ಬೊನೇಟ್ ಇರ್ತೈತಿ. ನೀರು ಕಾಸೋ ಬೋಗಾಣಿ ತಳಕ್ಕ ಬಿಳಿ ಪದರು ಕೂಡ್ತೈತಲ್ಲ, ಅದು. ಅದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಚಾದೊಳಗಿನ ಒಗರಿನ ಅಂಶದ ಜೋಡಿ ಸೇರಿ ಗಾಳಿ ತಾಕಿದ ಕೂಡಲೇ ಮ್ಯಾಲ ಪೊರೆ ಕಟ್ಟತೈತಿ. ನೀರಿನಾಗಿನ ಸುಣ್ಣ ಚಾದ ಹುಳಿನ ಕೊಂದು ಹಾಕ್ತೈತಿ, ಬಣ್ಣ ಕಪ್ಪಿಡ್ತೈತಿ. ಎರಡು ಹನಿ ಲಿಂಬಿಹಣ್ಣು ಹಿಂಡ್ರಿ, ಪೊರೆ ಮಾಯ ಆಗ್ತೈತಿ. ಹಾಲು ಹಾಕಿದ ಕಡಕ್ ಚಾದಾಗ ಇದು ಯಾವುದೂ ತಿಳಿಯಂಗಿಲ್ಲ, ಅದಕ್ಕ ಇಷ್ಟು ವರ್ಷ ನಮಗ ಗೊತ್ತಾಗಿಲ್ಲ.

ಸವಳ ನೀರು, ಸಿಹಿನೀರು ಅಂತ ನಮ್ಮ ಆಯಿ, ಅಂದ್ರ ಅಜ್ಜಿ, ಬಾಯಾಗ ಎರಡ ಜಾತಿ ಇದ್ವು ನೀರಿಗೆ. ಡೋಣಿ ನದಿ ನೀರು ಸವಳು, ಡೋಣಿ ಬೆಳೆದ್ರ ಓಣಿ ತುಂಬ ಜೋಳ ಅಂತಾರ ಖರೆ, ಆದ್ರ ಆ ನೀರು ಬಾಯಿಗೆ ಹಾಕ್ಕೊಳ್ಳಾಕ ಬರಂಗಿಲ್ಲ. ಸಿಹಿನೀರಿಗಾಗಿ ಈ ಊರು ಎಷ್ಟು ಒದ್ದಾಡೈತಿ ಅಂತ ತಿಳ್ಕೋಬೇಕಂದ್ರ ತಾಜ್ ಬಾವಡಿ ಮೆಟ್ಟಲ ಮ್ಯಾಲ ಒಂದು ಸಂಜಿ ಕೂಡ್ರಿ. 1620ರಾಗ ಕಟ್ಟಿದ್ದು ಅದು, ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹಿ ಕಾಲದ್ದು. ಆಮ್ಯಾಲ 1651ರಾಗ ಮಹಮ್ಮದ್ ಆದಿಲ್‌ಶಾಹ ಬೇಗಂ ತಲಾಬ್ ಕಟ್ಟಿಸಿ ಮಣ್ಣಿನ ಕೊಳವಿಯಾಗ ಊರಿಗೆ ನೀರು ತಂದ. ಗೋಳಗುಮ್ಮಟ ನೋಡಾಕ ಬಂದವರಿಗೆ ನಾನು ಮೊದಲು ಬಾವಡಿ ತೋರಿಸ್ತೀನಿ. ಗುಮ್ಮಟ ದೊಡ್ಡದು, ಆದ್ರ ಈ ಊರಿನ ಚಿಂತಿ ಏನಿತ್ತು ಅನ್ನೂದು ಬಾವಡಿಯೊಳಗ ಕಾಣ್ತೈತಿ.

ಇರ್ಲಿ. ಊರಾಗ ನಾಣ್ಯ ಹಾಕಿದ್ರ ಕ್ಯಾನ್ ತುಂಬೋ ಶುದ್ಧ ನೀರಿನ ಘಟಕ ಐತಲ್ಲ, ಆ ಫಿಲ್ಟರ್ ನೀರು ತಂದು ಮಾಡಿದೆ. ಪೊರೆ ಹೋತು. ಬಣ್ಣ ತಿಳಿ ಆತು. ಆವಾಗ ಮೊದಲ ಸಲ ಫಸ್ಟ್ ಫ್ಲಶ್ ಬಾಯಿ ಬಿಟ್ಟು ಮಾತಾಡ್ತು.

ಡಿಸೆಂಬರ್ ತಿಂಗಳು ಅದು, ಶನಿವಾರ ಊರಿಗೆ ಹೋದಾಗ ಫ್ಲಾಸ್ಕಿನಾಗ ಹಾಕ್ಕೊಂಡು ಮುಂಜಾನಿ ಕಡ್ಲಿ ಹೊಲಕ್ಕ ಹೋಗಿದ್ದೆ. ಕಡ್ಲಿ ಗಿಡದಾಗ ಬರಿಗಾಲಿಲೆ ನಡದೀರೇನು ನೀವು, ಇಬ್ಬನಿ ಬಿದ್ದ ಹೊತ್ತಿನಾಗ? ಕಾಲಿಗೆ ತಾಕಿದ ಹನಿ ಚುರುಚುರು ಅಂತೈತಿ, ಬೆರಳು ನಾಲಿಗಿಗೆ ಹಚ್ಚಿದ್ರ ಹುಳಿ. ಕಡ್ಲಿ ಎಲಿ ಮ್ಯಾಲಿನ ಸಣ್ಣ ಕೂದಲು ಮ್ಯಾಲಿಕ್ ಆಸಿಡ್, ಆಕ್ಸಾಲಿಕ್ ಆಸಿಡ್ ಅನ್ನೋ ಹುಳಿನ ಹೊರಗ ಬಿಡ್ತಾವ, ಇಬ್ಬನಿ ಅದನ್ನ ತೊಳಕೊಂಡು ನಿಂತಿರ್ತೈತಿ. ನಮ್ಮ ಆಯಿ ರಾತ್ರಿ ಗಿಡದ ಮ್ಯಾಲ ಬಿಳಿ ಪಂಜೆ ಹಾಸಿ, ಮುಂಜಾನಿ ಹಿಂಡಿ ಆ ಹುಳಿ ಶೀಸೆಯಾಗ ತುಂಬಿಡ್ತಿದ್ಲು, ಹೊಟ್ಟಿ ನೋವಿಗೆ ಅಂತ. ಫಸ್ಟ್ ಫ್ಲಶ್ ಗುಟುಕು ನಾಲಿಗಿ ಎರಡೂ ಬದಿಗೆ ಹಿಂಗ ಚುರುಕ್ ಅಂತ ಹಿಡೀತಲ್ಲ, ನನಗ ಆ ಪಂಜೆ ನೆನಪಾತು. ಹಸಿ ವಾಸನಿ, ಎಳೇ ಎಲಿ ಬೆರಳಾಗ ಹಿಚುಕಿದ್ರ ಬರೋದು, ಹಿಂದ ಎಲ್ಲೋ ಒಂದು ಬಿಳಿ ಹೂವು, ಹೆಸರು ಹೇಳಾಕ ಬರಂಗಿಲ್ಲ. ಥಂಡಿ ದಿನ ನಿಂತಿದ್ದ ಚಾ ಗಿಡ ಚಳಿ ಮುಗಿದ ಕೂಡಲೇ ಬಿಡೋ ಮೊದಲ ಚಿಗುರು ಅದು, ಎರಡು ಎಲಿ ಒಂದು ಮಗ್ಗಿ, ಅದನ್ನ ಪೂರಾ ಕೆಂಪು ಆಗಾಕ ಬಿಡಂಗಿಲ್ಲ ಅವರು, ಅದಕ್ಕ ಬಾಯಾಗ ಇನ್ನೂ ಹಸರು ಉಳಕೊಂಡಿರ್ತೈತಿ. ಅದನ್ನ ಮನಿಯೊಳಗ ಟಿವಿ ಮುಂದ ಕುಂತು ಕುಡಿದಾಗ ಇಷ್ಟು ಹತ್ತಲಿಲ್ಲ. ಹೊಲದ ಬದುವಿನ ಮ್ಯಾಲ, ಸೂರ್ಯ ಇನ್ನೂ ಅಡ್ಡ ಇದ್ದಾಗ, ಮೂಗಿನ ತುದಿ ತಣ್ಣಗ ಇದ್ದಾಗ ಹತ್ತಿತು.

ಹೊಗಿ ಚಾದ ಮಾತೂ ಹೇಳಿಬಿಡ್ತೀನಿ ಇಲ್ಲೇ. ಇಷ್ಟರಾಗ ನನಗ ಹುಚ್ಚು ಹತ್ತಿತ್ತು, ಆನ್‌ಲೈನ್‌ದಾಗ ಲ್ಯಾಪ್‌ಸಾಂಗ್ ಸೂಚಾಂಗ್ ಅನ್ನೋದು ಸಣ್ಣ ಡಬ್ಬಿ ತರಿಸಿದೆ. ಚೀನಾದ ಫುಜಿಯಾನ್ ಪ್ರಾಂತದ ವೂಯಿ ಗುಡ್ಡದ್ದು, ತೋಂಗ್‌ಮು ಅನ್ನೋ ಹಳ್ಳಿ ಅದರ ತವರು, ಅಲ್ಲಿ ಎಲಿನ ಪೈನ್ ಕಟ್ಟಗಿ ಹೊಗಿಯಾಗ ಒಣಗಿಸ್ತಾರ. ಡಬ್ಬಿ ತೆಗದ್ರ ಸಾಕು, ಇಡೀ ಮನಿ ಒಲಿ ಮುಂದ ಕುಂತಂಗ. ಎಳ್ಳ ಅಮಾಸಿ ದಿನ ಹೊಲಕ್ಕ ಒಯ್ದೆ. ಚರಗ ಚೆಲ್ಲಿ ಆತು, ಸಜ್ಜಿ ರೊಟ್ಟಿ, ಎಣಗಾಯಿ, ಕಡುಬು ಎಲ್ಲಾ ಉಂಡು ಆತು, ಸಂಜಿ ಮುಂದ ಕಾಕಾ ಕುಳ್ಳಿನ ಕೆಂಡ ಮಾಡಿ ಸೀತನಿ ಸುಡಾಕ ಕುಂತ. ಎಳೇ ಬಿಳಿಜೋಳದ ತೆನಿ, ಹಾಲುಗಾಳು ತುಂಬಿದ್ದು, ಕೆಂಡದಾಗ ಹೊಳ್ಳಿಸಿ ಹೊಳ್ಳಿಸಿ ಸುಟ್ಟು, ಬಿಸಿ ಇದ್ದಾಗ್ಲೇ ಅಂಗೈಯಾಗ ತಿಕ್ಕಿ, ಹೊಟ್ಟು ಊದಿ, ಶೇಂಗಾ ಚಟ್ನಿ, ಬೆಲ್ಲದ ಜೋಡಿ ಬಾಯಿಗೆ ಹಾಕ್ಕೊಳ್ಳೋದು. ಅದರ ಜೋಡಿ ನಾನು ಆ ಹೊಗಿ ಚಾ ಕೊಟ್ಟೆ ಎಲ್ಲಾರಿಗೂ. ಕಾಕಾ ಒಂದು ಗುಟುಕು ಕುಡಿದು ಸೀದಾ ಕೆಂಡದ ಕಡಿ ನೋಡಿದ, ಆಮ್ಯಾಲ ಗ್ಲಾಸಿನೊಳಗ ನೋಡಿದ, "ಇದರಾಗ ಬೂದಿ ಬಿತ್ತೇನು" ಅಂತ ಕೇಳಿದ. ನನಗ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬ್ಯಾಡಾಗಿತ್ತು. ಗಿಡ ಯಾವುದ ಇರ್ಲಿ, ಕಟ್ಟಗಿ ಒಳಗಿನ ಲಿಗ್ನಿನ್ ಸುಟ್ರ ಗ್ವಾಯಕಾಲ್ ಅನ್ನೋ ವಾಸನಿ ಹುಟ್ಟತೈತಿ, ಚೀನಾದ ಪೈನ್ ಸುಟ್ರೂ ಅದ, ನಮ್ಮ ಜೋಳದ ಕಣಕಿ ಸುಟ್ರೂ ಅದ. ಪೈನ್‌ದಾಗ ಮತ್ತೊಂದು ಅಂಟಿನ ಸಿಹಿ ಇರ್ತೈತಿ, ಅದು ನಮ್ಮಲ್ಲಿಲ್ಲ. ಹೊಗಿ ಮಾತ್ರ ಒಂದ. ಆ ಸಂಜಿ ಆದ್ಮ್ಯಾಲ ಆ ಡಬ್ಬಿ ಊರಿನ ಮನಿಯಾಗ ತೆಗೀಲೇ ಇಲ್ಲ ನಾನು, ವಿಜಯಪುರದಾಗ ಒಬ್ಬಾಕಿನ ಇದ್ದು ಊರು ನೆನಪಾದಾಗಷ್ಟ ತೆಗೀತೀನಿ.

ಈಗ ಆ ಮನೂಕ ಶೆಡ್ಡಿನ ವಾಸನಿಗೆ ಬರ್ತೀನಿ, ಈ ಬರಹ ಬರಿಯಾಕ ಕುಂತಿದ್ದ ಅದಕ್ಕ.

ಸೆಕೆಂಡ್ ಫ್ಲಶ್ ಡಾರ್ಜಿಲಿಂಗ್‌ಗೆ ಮಸ್ಕಟೆಲ್ ಅನ್ನೋ ಗುಣ ಐತಿ ಅಂತಾರ ತಿಳಿದವರು. ಮಸ್ಕಟ್ ಅನ್ನೋದು ದ್ರಾಕ್ಷಿ ಜಾತಿ! ಇದು ತಿಳಿದ ದಿನ ನಾನು ಕುರ್ಚಿ ಬಿಟ್ಟು ಎದ್ದೆ. ನಾನು ಎಲ್ಲಿಂದಲೂ ಓದದ, ಯಾರೂ ಹೇಳಿಕೊಡದ, ಮೂಗು ತಾನ ಆಗಿ ಹೇಳಿದ್ದು ದ್ರಾಕ್ಷಿ ಅಂತ. ಮಸ್ಕಟ್ ದ್ರಾಕ್ಷಿಯೊಳಗ ವಾಸನಿ ಕೊಡೋ ಲಿನಲೂಲ್, ಜೆರಾನಿಯೋಲ್ ಅನ್ನೋ ಎಣ್ಣಿ ಅಂಶಗಳು ಈ ಚಾ ಎಲಿಯೊಳಗೂ ಇರ್ತಾವ. ಹಂಗಂತ ನಮ್ಮ ತೋಟದ ಥಾಂಪ್ಸನ್ ದ್ರಾಕ್ಷಿ ಮಸ್ಕಟ್ ಅಲ್ಲ, ಅದಕ್ಕ ಸಿಹಿ ಐತಿ ಹೊರತು ಪರಿಮಳ ಕಡಿಮಿ. ತಮಿಳುನಾಡಿನ ಕಂಬಂ ಕಡಿ ಬೆಳೆಯೋ ಕಪ್ಪು ಪನ್ನೀರ್ ದ್ರಾಕ್ಷಿ ಐತಲ್ಲ, ಅದು ಮಸ್ಕಟ್ ಜಾತಿ, ಹೆಸರಿನಾಗ ಪನ್ನೀರು ಐತಿ. ಆದ್ರ ನಮ್ಮ ಥಾಂಪ್ಸನ್ ಹಸಿ ಇದ್ದಾಗ ಸುಮ್ಮನಿದ್ದದ್ದು ಶೆಡ್ಡಿನಾಗ ಒಣಗ್ತಾ ಒಣಗ್ತಾ ಬಾಯಿ ಬಿಡ್ತೈತಿ. ನನ್ನ ಮೂಗಿಗೆ ಸಿಕ್ಕಿದ್ದು ಹಣ್ಣಿನ ವಾಸನಿ ಅಲ್ಲ, ಒಣಗೋ ವಾಸನಿ.

ಮಾರ್ಚ್‌ದಾಗ ಪಾಕೀಟು ಹಿಡಕೊಂಡು ಊರಿಗೆ ಹೋದೆ. ಅಪ್ಪ ಶೆಡ್ಡಿನಾಗ ಇದ್ದ. ಡಿಪ್ಪಿಂಗ್ ಆಯಿಲ್ಲು, ಪೊಟ್ಯಾಶು ಕಲಸಿದ ನೀರಾಗ ದ್ರಾಕ್ಷಿ ಅದ್ದಿ ಬಲಿ ಮ್ಯಾಲ ಹಾಕಿ ಎಂಟು ದಿನ ಆಗಿತ್ತು, ಇನ್ನೂ ಎಂಟು ಹತ್ತು ದಿನ ಬೇಕು ಅಂದ. ಕೈ ಜಿಗಿಜಿಗಿ, ಅಂಗಿ ಬೆವರಿಗೆ ಒದ್ದಿ. ನಾನು ಫ್ಲಾಸ್ಕಿನಿಂದ ಚಾ ಬಸಿದು ಕೊಟ್ಟೆ, "ಅಪ್ಪಾ, ಕುಡೀಬ್ಯಾಡ, ಮೊದಲು ವಾಸನಿ ನೋಡು" ಅಂದೆ.

ಅಪ್ಪ ನೋಡಿದ. ಶೆಡ್ಡಿನಾಗ ಆ ವಾಸನಿ ತುಂಬಿಕೊಂಡ ಇತ್ತಲ್ಲ, ಅವನಿಗೆ ತಿಳೀಲಿಲ್ಲ. ಗ್ಲಾಸು ಹಿಡಕೊಂಡು ಹೊರಗ ಬೇವಿನಗಿಡದ ಕೆಳಗ ಹೋಗಿ ನಿಂತು ಮತ್ತ ನೋಡಿದ. ಆಮ್ಯಾಲ ಒಳಗ ಬಂದ, ಮತ್ತ ಹೊರಗ ಹೋದ. "ಇದ ಅಲ್ಲ" ಅಂದ, "ಆದ್ರ ಇದರ ಬೀಗರು." ಕುಡಿದ. "ಕಡೀಕ ಬೇದಾಣಾ ಬಾಯಾಗ ಇಟ್ಟು ಚೀಪಿದಂಗ ಆಗ್ತೈತಿ ನೋಡವಾ ಗಂಟಲಾಗ" ಅಂದ. ಮನೂಕಕ್ಕ ಸಾಂಗ್ಲಿ, ತಾಸಗಾಂವ ಮಾರ್ಕೆಟ್‌ದಾಗ ಬೇದಾಣಾ ಅಂತಾರ, ಅಪ್ಪ ರೇಟಿನ ಮಾತಾಡುವಾಗ ಯಾವಾಗ್ಲೂ ಅದ ಶಬ್ದ ಬಳಸ್ತಾನ. ಚಾ ಕುಡಿಯುವಾಗ ಆ ಶಬ್ದ ಬಂತಂದ್ರ ಅವ ಮನಸಿಟ್ಟು ತೂಕ ಮಾಡ್ಯಾನ ಅಂತ ಅರ್ಥ.

ಆಮ್ಯಾಲ ಕೇಳಿದ, "ಅವರದು ಎಷ್ಟಕ್ಕ ಎಷ್ಟು?" ನನಗ ತಿಳೀಲಿಲ್ಲ. "ಹಸೀದು ಎಷ್ಟು ಹಾಕಿದ್ರ ಒಣಗಿದ್ದು ಒಂದು ಕಿಲೋ ಬರ್ತೈತಿ?" ಸುಮಾರು ನಾಕೂವರಿ ಕಿಲೋ ಹಸಿ ಎಲಿಗೆ ಒಂದು ಕಿಲೋ ಚಾ ಅಂತ ಹೇಳಿದೆ. ಅಪ್ಪ ಬಲಿ ಕಡಿ ಕೈ ಮಾಡಿ, "ನಮ್ಮದೂ ನಾಕಕ್ಕ ಒಂದು" ಅಂದ. ಆ ಒಂದು ಲೆಕ್ಕಕ್ಕ ಅವನಿಗೆ ಆ ಗುಡ್ಡದ ಮಂದಿ ಪರಿಚಯ ಆಗಿಬಿಟ್ರು. ಬಾಡಿಸೋದು ಹೆಂಗ, ಎಷ್ಟು ತಾಸು, ಮಳಿ ಬಂದ್ರ ಏನ ಮಾಡ್ತಾರ ಅಂತ ಒಂದೊಂದ ಕೇಳಿದ. ರಾತ್ರಿಪೂರ್ತಿ ಉದ್ದನ ತೊಟ್ಟಿ ಮ್ಯಾಲ ಎಲಿ ಹರವಿ ಕೆಳಗಿಂದ ಗಾಳಿ ಬಿಡ್ತಾರ, ಮೆತ್ತಗಾದ ಮ್ಯಾಲ ಉರುಳಿಸಿ ತಿಕ್ತಾರ, ರಸ ಗಾಳಿಗೆ ತಾಕಿ ಎಲಿ ತಾಮ್ರದ ಬಣ್ಣ ಆಗ್ತೈತಿ, ಆಮ್ಯಾಲ ಬಿಸಿ ಗಾಳಿಯಾಗ ಒಣಗಿಸ್ತಾರ ಅಂತ ತಿಳಿದಷ್ಟು ಹೇಳಿದೆ.

ಆದ್ರ ಅಪ್ಪನ ಮುಖ ಬದಲಾಗಿದ್ದು ಹುಳದ ಮಾತು ಹೇಳಿದಾಗ. ಈ ಮಸ್ಕಟೆಲ್ ವಾಸನಿ ಬರಾಕ ಒಂದು ದೊಡ್ಡ ಕಾರಣ ಹುಳ. ಮೇ ತಿಂಗಳ ಬಿಸಲಿಗೆ ಡಾರ್ಜಿಲಿಂಗ್ ತೋಟದಾಗ ಹಸರ ಜಿಗಿಹುಳ ಬರ್ತಾವ, ಥ್ರಿಪ್ಸ್ ಬರ್ತಾವ, ಎಳೇ ಎಲಿ ರಸ ಹೀರ್ತಾವ. ಎಲಿ ಮುರುಟಿ ಬೆಳವಣಿಗಿ ನಿಲ್ತೈತಿ. ಕಡಿಸಿಕೊಂಡ ಗಿಡ ತನ್ನನ್ನ ಕಾಪಾಡ್ಕೊಳ್ಳಾಕ ಒಳಗ ಹೊಸ ವಾಸನಿ ಅಂಶ ಹುಟ್ಟಿಸ್ತೈತಿ, ಆ ಎಲಿಯಿಂದ ಮಾಡಿದ ಚಾಕ್ಕನ ಈ ಹಣ್ಣಿನ, ಜೇನಿನ ಗುಣ. ತೈವಾನ್‌ದಾಗೂ ಓರಿಯೆಂಟಲ್ ಬ್ಯೂಟಿ ಅಂತ ಒಂದು ಚಾ ಐತಿ, ಅಲ್ಲಿ ಹುಳ ಕಡೀಲಿ ಅಂತಾನ ಔಷಧ ಹೊಡಿಯಂಗಿಲ್ಲ.

"ಜಿಗಿಹುಳಕ್ಕ ಔಷಧ ಹೊಡಿಯಂಗಿಲ್ಲ?" ಅಪ್ಪ ಎರಡು ಸಲ ಕೇಳಿದ. ನಿಮಗ ಗೊತ್ತಿರ್ಲಿ ಅಂತ ಹೇಳ್ತೀನಿ, ಅಕ್ಟೋಬರ್ ಚಾಟ್ನಿ, ಅಂದ್ರ ಬಳ್ಳಿ ಕತ್ತರಿಸೋದು, ಆದ ದಿನದಿಂದ ಹಣ್ಣು ಕಟಾವು ಆಗೋ ತನಕ ನಮ್ಮ ಮನಿಯಾಗ ನಿದ್ದಿ ಇರಂಗಿಲ್ಲ. ಡೌನಿ ಬರ್ತೈತಿ, ಬೂದಿ ರೋಗ ಬರ್ತೈತಿ, ಥ್ರಿಪ್ಸ್ ಬಂದು ಕಾಯಿ ಮ್ಯಾಲ ಕಂದು ಕಲಿ ಬಿತ್ತಂದ್ರ ಮಾಲಿನ ರೇಟು ಬಿದ್ದಂಗ. ನಸುಕಿನ ನಾಕಕ್ಕ ಎದ್ದು ಟ್ರ್ಯಾಕ್ಟರ್ ಬ್ಲೋವರ್ ಚಾಲೂ ಮಾಡೋ ಮನುಷ್ಯ ಅವ. ಇಪ್ಪತ್ತು ವರ್ಷದಿಂದ ಥ್ರಿಪ್ಸ್ ಅನ್ನೋ ಶಬ್ದ ಅವನ ಬಾಯಾಗ ಬೈಗಳದಂಗ ಬಂದೈತಿ. ಅಂಥಾ ಮನುಷ್ಯ ಗ್ಲಾಸಿನಾಗ ಉಳದಿದ್ದ ಎರಡು ಗುಟುಕು ಚಾ ಬೆಳಕಿಗೆ ಹಿಡದು ಬಾಳ ಹೊತ್ತು ನೋಡಿದ. "ಹುಳ ಕಡದ ರುಚಿ ಇದು" ಅಂದ. ಬೇಜಾರಾಗಿ ಅನ್ಲಿಲ್ಲ, ಖುಷಿಯಿಂದಲೂ ಅನ್ಲಿಲ್ಲ, ತನಗ ಗೊತ್ತಿದ್ದವರ ಸುದ್ದಿ ಬ್ಯಾರೆ ಊರಾಗ ಬ್ಯಾರೆ ಥರ ಕೇಳಿದವರು ಅಂತಾರಲ್ಲ, ಹಂಗ ಅಂದ. ನಮ್ಮ ದ್ರಾಕ್ಷಿಗೆ ಹುಳ ಕಡದ್ರ ಪರಿಮಳ ಬರಂಗಿಲ್ಲ, ಲುಕ್ಸಾನು ಅಷ್ಟ ಬರ್ತೈತಿ, ಅದು ಅವನಿಗೂ ಗೊತ್ತು ನನಗೂ ಗೊತ್ತು. ಆದ್ರೂ ಮರುದಿನ ಮುಂಜಾನಿ ಅಪ್ಪ ಸಾಲಿನ ನಡುವ ನಿಂತು ಒಂದು ಎಲಿ ಮಗಚಿ ಹಿಂದಿನ ಮೈ ನೋಡ್ತಿದ್ದ. ದಿನಾ ನೋಡ್ತಾನ, ಆದ್ರ ಆವತ್ತು ಮೂಗಿನ ಹತ್ರ ಒಯ್ದದ್ದು ನಾನು ಕಂಡೆ.

ಆಯಿ ಇದ್ದಿದ್ರ ಅನ್ನಿಸ್ತು. ಆಕಿ ಬಶಿಯಾಗ ಚಾ ಹಾಕ್ಕೊಂಡು ಸುರ್ರ್ ಅಂತ ಎಳೀತಿದ್ಲು, ಪಡಸಾಲಿ ತನಕ ಕೇಳ್ತಿತ್ತು. ಸಾಲಿ ಕಲಿಯೋ ಹೊತ್ತಿನಾಗ ಗೆಳತಿಯರು ಮನಿಗೆ ಬಂದಾಗ "ಆಯಿ, ಸಾವಕಾಶ ಕುಡಿ" ಅಂತ ನಾನು ಅಂದಿದ್ದು ಈಗ ನೆನಪಾದ್ರ ಎದಿ ಚುರ್ ಅಂತೈತಿ. ಯಾಕಂದ್ರ ಚಾ ಕಂಪನಿಯಾಗ ರುಚಿ ನೋಡಾಕಂತ ಪಗಾರ ತಗೊಳ್ಳೋ ಟೇಸ್ಟರ್‌ಗಳು ಕುಡಿಯೋದು ಹಂಗ, ಜೋರಾಗಿ ಗಾಳಿ ಸೇರಿಸಿ ಎಳೀತಾರ, ಆವಾಗ ಚಾ ಬಾಯಿ ತುಂಬ ಸಿಂಪಡಿ ಆಗಿ ವಾಸನಿ ಗಂಟಲ ಹಿಂದಿನಿಂದ ಮೂಗಿಗೆ ಏರ್ತೈತಿ. ರುಚಿ ಅಂತ ನಾವು ಅನ್ನೋದರಾಗ ಬಹಳಷ್ಟು ಮೂಗಿಂದ. ಈಗ ನಾನೂ ಸುರ್ರ್ ಅಂತನ ಕುಡೀತೀನಿ, ಯಾರ ಇರ್ಲಿ.

ಕಡೀಕ ಉಳದಿದ್ದು ಎರಡು ಚಮಚೆ ಸೆಕೆಂಡ್ ಫ್ಲಶ್. ಅದನ್ನ ಮಿರಗ ಮಳಿಗೆ ಅಂತ ಇಟ್ಟಿದ್ದೆ.

ಜೂನ್ ಎರಡನೇ ವಾರ ಮಳಿ ಬಂತು. ನಮ್ಮ ಜಿಲ್ಲಾದಾಗ ಮಳಿ ಅಂದ್ರ ವರ್ಷಕ್ಕ ಆರುನೂರು ಮಿಲಿಮೀಟರ್ ಸುತ್ತಮುತ್ತ, ಡಾರ್ಜಿಲಿಂಗ್ ಗುಡ್ಡದಾಗ ಅದರ ನಾಕೈದು ಪಟ್ಟು. ಅದಕ್ಕ ನಮ್ಮಲ್ಲಿ ಮೊದಲ ಮಳಿಗೆ ಮಂದಿ ಕೆಲಸ ಬಿಟ್ಟು ಬಾಗಲಿಗೆ ಬಂದು ನಿಲ್ತಾರ. ಮೂರು ತಿಂಗಳ ಬಿಸಲಿಗೆ ಕರಿಮಣ್ಣು ಒಡೆದು ಕೈ ಹೋಗೋವಷ್ಟು ಬಿರುಕು ಬಿಟ್ಟಿರ್ತೈತಿ, ಅದರ ಮ್ಯಾಲ ಹನಿ ಬಿದ್ದಾಗ ಎದ್ದ ವಾಸನಿಗೆ 1964ರಾಗ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಅಂತ ಹೆಸರಿಟ್ಟರು. ಅದರಾಗಿನ ಮಣ್ಣಿನ ವಾಸನಿ ಕೊಡೋದು ಜಿಯೋಸ್ಮಿನ್, ಮಣ್ಣಿನಾಗಿನ ಸೂಕ್ಷ್ಮಜೀವಿ ಮಾಡಿದ್ದು. ಹನಿ ಬಿದ್ದಲ್ಲಿ ಸಣ್ಣ ಗುಳ್ಳಿ ಎದ್ದು ಒಡೆದು ಅದನ್ನ ಗಾಳಿಗೆ ಹಾರಿಸ್ತಾವ. ಮನುಷ್ಯರ ಮೂಗು ಅದನ್ನ ಎಷ್ಟು ಸಣ್ಣ ಪ್ರಮಾಣ ಇದ್ರೂ ಹಿಡೀತೈತಿ ಅಂದ್ರ, ಲಕ್ಷ ಕೋಟಿಯೊಳಗ ಕೆಲವೇ ಭಾಗ ಇದ್ರೂ ಸಾಕು. ಮಳಿಗೆ ಕಾಯೋ ಮಂದಿಗೆ ಅಂಥಾ ಮೂಗು ಇದ್ದದ್ದು ಚಲೋನ ಆತು.

ಮೊದಲ ಅರ್ಧ ತಾಸಿನ ನೀರು ಬಿಟ್ಟೆ, ಮಾಳಿಗಿ ಧೂಳೆಲ್ಲಾ ತೊಳಕೊಂಡು ಹೋಗ್ಲಿ ಅಂತ. ಆಮ್ಯಾಲ ತೊಳದಿಟ್ಟ ಡ್ರಮ್ಮಿನ ಬಾಯಿಗೆ ಬಿಳಿ ಅರವಿ ಕಟ್ಟಿ ಅಂಗಳದ ನಡುವ ಇಟ್ಟೆ, ಸೀದಾ ಮುಗಿಲಿನ ನೀರು ಬೀಳೂಹಂಗ. ಸುಣ್ಣ ಇಲ್ಲ, ಉಪ್ಪಿಲ್ಲ, ಭೂಮಿ ಇನ್ನೂ ಮುಟ್ಟಿಲ್ಲದ ನೀರು. ಕಾಸಿ, ಎರಡು ಚಮಚೆನೂ ಹಾಕಿ, ಮೂರು ನಿಮಿಷ ಮುಚ್ಚಿಟ್ಟೆ. ಬಣ್ಣ ನೋಡಿದ್ರ ಹೊಸ ತಾಮ್ರದ ಚರಿಗಿ ಬಿಸಲಿಗೆ ಹಿಡದಂಗ. ಫಿಲ್ಟರ್ ನೀರಿನಾಗ ಆ ವಾಸನಿ ಬಾಗಲ ಹೊರಗ ನಿಂತು ಮಾತಾಡಿದಂಗ ಇತ್ತು, ಈಗ ಒಳಗ ಬಂದು ಪಕ್ಕದಾಗ ಕುಂತಿತು. ಕಟ್ಟಿ ಮ್ಯಾಲ ಕುಂತು ಕುಡಿದ್ವಿ ಮೂವರೂ, ಮುಂದ ಅಂಗಳದಾಗ ಮಳಿ, ಮಣ್ಣಿನ ವಾಸನಿ ಗ್ಲಾಸಿನ ವಾಸನಿ ಎರಡೂ ಕೂಡಿ ಯಾವುದು ಯಾವುದಂತ ತಿಳಿಯದಂಗ ಆಗಿತ್ತು. ಶೆಡ್ಡು ಖಾಲಿ, ಮಾಲು ಹೋಗಿತ್ತು, ಅಪ್ಪ ಮಾತಾಡ್ಲಿಲ್ಲ, ಗ್ಲಾಸು ಖಾಲಿ ಆದ ಮ್ಯಾಲೂ ಮೂಗಿಗೆ ಹಿಡಕೊಂಡು ಕುಂತಿದ್ದ.

ತಮ್ಮಗ ವಿಡಿಯೋ ಕಾಲ್ ಹಚ್ಚಿದೆ. ಅಲ್ಲೂ ಮಳಿ, ಅವನ ಹಿಂದ ತಗಡಿನ ಮ್ಯಾಲ ಸಪ್ಪಳ ಜೋರು. ಸೆಕೆಂಡ್ ಫ್ಲಶ್ ಮುಗೀತಕ್ಕಾ, ಇನ್ನ ಇಲ್ಲಿ ಮಳಿಗಾಲದ ಎಲಿ, ಅದಕ್ಕ ಈ ವಾಸನಿ ಬರಂಗಿಲ್ಲ ಅಂದ. ಈ ವರ್ಷದ್ದು ಎರಡು ಪಾಕೀಟು ತಗದಿಟ್ಟೀನಿ, ದೀಪಾವಳಿಗೆ ತರ್ತೀನಿ ಅಂದ. ಅವ್ವ ಮೊಬೈಲಿನಾಗ ಇಣಿಕಿ "ನಾಕು ತಾ ಅಂತ ಹೇಳು" ಅಂದ್ಲು. ಬಶಿ ಕೆಳಗಿಟ್ಟು ಎದ್ದು ಹೋದ್ಲು, ಮಳಿಯಾಗ ಸೆರಗು ತಲಿ ಮ್ಯಾಲ ಹೊತ್ಕೊಂಡು ಡ್ರಮ್ಮಿಗೆ ಮುಚ್ಚಳ ಹಾಕಿ ಮ್ಯಾಲೊಂದು ಕಲ್ಲು ಹೇರಿ, "ಈ ನೀರು ಚಾಕ್ಕ ಅಷ್ಟ, ಯಾರೂ ಮುಟ್ಟಬ್ಯಾಡ್ರಿ" ಅಂತ ಅಂಗಳದಿಂದಲೇ ಕೂಗಿ ಹೇಳಿದ್ಲು.